ಒಂಬತ್ತನೇ ಮೈಲಿಯ ಒಂದು ನಿಮಿಷ

ನಮ್ಮ ಮನೆತನದ ರೈಲು ಓಡುವುದೇ ಹದಿನಾಲ್ಕು ಮೈಲಿ. ಮುತ್ತಜ್ಜ ಹಾಕಿಸಿದ ಹಳಿ, ಅಪ್ಪ ಬಾಳಿಸಿದ್ದು. ಈಗ ತಮ್ಮ ಡೆಲ್ಮಾರ್ ಎಂಜಿನ್ ಓಡಿಸುತ್ತಾನೆ, ಮಿಕ್ಕಿದ್ದೆಲ್ಲ ನನ್ನ ತಲೆಯ ಮೇಲೆ. ದೊಡ್ಡ ರೈಲು ಕಂಪನಿಯವರು ನಕ್ಕರೆ ಅಪ್ಪ, "ಉದ್ದ ನಿಮ್ಮಷ್ಟಿಲ್ಲ ಸ್ವಾಮಿ, ಅಗಲ ಮಾತ್ರ ಅಷ್ಟೇ ಇದೆ" ಎನ್ನುತ್ತಿದ್ದ.

ಈ ಹದಿನಾಲ್ಕು ಮೈಲಿಯಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಒಂದೇ. ಜಂಕ್ಷನ್ನಿಗೆ ಹೋಗುವ ರೈಲು ಒಂಬತ್ತನೇ ಮೈಲಿಯಲ್ಲಿ, ಹ್ರುಸ್ಕಾ ಮನೆಯವರ ಮೆಕ್ಕೆಜೋಳದ ಹೊಲದ ನಡುವೆ, ದಿನಾ ಒಂದು ನಿಮಿಷ ನಿಲ್ಲುತ್ತದೆ. ನಿಲ್ದಾಣವಿಲ್ಲ, ಹತ್ತುವವರಿಲ್ಲ, ಇಳಿಯುವವರಿಲ್ಲ. ಮುತ್ತಜ್ಜನ ನಿಯಮದ ಪುಸ್ತಕದಲ್ಲಿ 'ನಿಲ್ಲತಕ್ಕದ್ದು' ಎಂದಿದೆ, ಯಾಕೆಂದಿಲ್ಲ. ಅಪ್ಪನ ದಿನಚರಿಯಲ್ಲಿ ಇನ್ನೊಂದು ಒಗಟು. ಗಡಿಯಾರ ನೋಡಿಯೇ ಉಸಿರಾಡುತ್ತಿದ್ದ ಮನುಷ್ಯ 1958ರ ಅಕ್ಟೋಬರಿನಲ್ಲಿ ಒಂದು ದಿನ ಅಲ್ಲಿ ನಾಲ್ಕು ನಿಮಿಷ ನಿಂತಿದ್ದಾನೆ. ಕಾರಣ ಬರೆಯುವ ಜಾಗ ಖಾಲಿ. ಕೇಳಿದಾಗೆಲ್ಲ "ನಿಂಗ್ಯಾಕೆ ಅದೆಲ್ಲ, ಆರ್ಲಿಸ್" ಎಂದು ಬಾಯಿ ಮುಚ್ಚಿಸಿದ್ದ. ಹುಟ್ಟಿನಿಂದಲೇ ಎಲ್ಲದರಲ್ಲೂ ಮೂಗು ತೂರಿಸುವವಳು ನಾನು, ಸುಮ್ಮನಿರಲು ಎಷ್ಟು ಕಷ್ಟಪಟ್ಟಿದ್ದೇನೆಂದು ನನಗೇ ಗೊತ್ತು.

ಈ ವರ್ಷ ವಿಷಯ ಕುತ್ತಿಗೆಗೆ ಬಂತು. ಧಾನ್ಯದ ಗೋದಾಮಿನವರು ಮೂವತ್ತು ವ್ಯಾಗನ್ ಒಟ್ಟಿಗೆ ಎಳೆಯಿರಿ, ಆಗದಿದ್ದರೆ ಲಾರಿ ಹಿಡಿಯುತ್ತೇವೆ ಅಂದರು. ನಮಗಿರುವ ಗಿರಾಕಿ ಅವರೊಬ್ಬರೇ. ಒಂಬತ್ತನೇ ಮೈಲಿಯೋ ಒಳ್ಳೇ ಏರು.

"ಅಕ್ಕಾ, ಅಷ್ಟು ಭಾರ ಹೇರ್ಕೊಂಡು ಅಲ್ಲಿ ನಿಂತ್ರೆ ಚಕ್ರ ಜಾರತ್ತೆ, ಗಾಡಿ ಮತ್ತೆ ಹೊರಡಲ್ಲ," ಅಂದ ಡೆಲ್ಮಾರ್. "ಆ ನಿಯಮ ಹೊಡೆದಾಕು."

"ಯಾಕೆ ನಿಲ್ತೀವಿ ಅಂತ್ಲೇ ಗೊತ್ತಿಲ್ದೆ ಹೊಡೆದಾಕೋದಾ?"

"ನಿನ್ನ ಕುತೂಹಲಕ್ಕೆ ರೈಲೇ ಮುಳುಗತ್ತೆ ನೋಡ್ತಿರು."

ನಾನು ನೆಟ್ಟಗೆ ಹ್ರುಸ್ಕಾ ಮನೆಗೆ ಹೋದೆ. ತೊಂಬತ್ತೆರಡರ ಲುಡ್ಮಿಲಾ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಅವಳ ಮೊಮ್ಮಗನ ಹೆಂಡತಿ ಮಾರ್ಸೆಲಾ ಗಸಗಸೆ ತುಂಬಿದ ಕೊಲಾಚೆ ಬನ್ನುಗಳನ್ನು ಒಲೆಯಿಂದ ತೆಗೆಯುತ್ತಿದ್ದಳು. ಹೋದ ವರ್ಷ ಶಿಕಾಗೋದಿಂದ ಬಂದ ಹುಡುಗಿ, ಮಾತು ಕಡಿಮೆ.

"ನೂರು ವರ್ಷ ಆದ್ಮೇಲೆ ಕೇಳೋಕೆ ಬಂದ್ಯಲ್ಲೇ, ಸದ್ಯ!" ಎಂದು ಮುದುಕಿ ಹೊಲಿಗೆ ಡಬ್ಬಿಯಿಂದ ಒಂದು ಪತ್ರ ತೆಗೆದಳು.

1911ರದ್ದು. ಹೊಲ ಆಗ ಅವಳ ಅತ್ತೆ ಅನೇಷ್ಕಾಳ ಹೆಸರಿನಲ್ಲಿತ್ತು. ಅವಳೂ ಪಟ್ಟಣದಿಂದ ಬಂದ ಮದುವಣಗಿತ್ತಿಯೇ. ಹಳಿಗೆ ಜಾಗವನ್ನು ಪುಕ್ಕಟೆ ಕೊಟ್ಟಿದ್ದಳು, ಷರತ್ತು ಒಂದೇ. ಜಂಕ್ಷನ್ನಿಗೆ ಹೋಗುವ ರೈಲು ದಿನಾ ಅವಳ ಬಾಗಿಲೆದುರು ಒಂದು ನಿಮಿಷ ನಿಲ್ಲಬೇಕು. ನಿಲ್ಲದ ದಿನ ಜಾಗ ಈ ಮನೆಯ ಸೊಸೆಗೆ ವಾಪಸ್. ಡೆಲ್ಮಾರನ ಮಾತು ಕೇಳಿದ್ದರೆ ಹದಿನಾಲ್ಕು ಮೈಲಿ ನಡುವೆ ಮುರಿದುಹೋಗುತ್ತಿತ್ತು.

"ನಿಮ್ಮತ್ತೆ ಎಷ್ಟು ಸಲ ರೈಲು ಹತ್ತಿದ್ರು, ದೊಡ್ಡಮ್ಮಾ?"

"ಒಂದ್ಸಲಾನೂ ಇಲ್ಲ."

"ಮತ್ಯಾಕೆ ನಿಲ್ಲಿಸಿದ್ದು?"

"ಅಯ್ಯೋ ದಡ್ಡಿ! ಯಾವತ್ತು ಬೇಕಾದ್ರೂ ಹೋಗ್ಬೋದು ಅಂತಿದ್ರೆ ಇರೋಕಾಗತ್ತೆ ಕಣೆ." ಆಮೇಲೆ ದನಿ ತಗ್ಗಿಸಿದಳು. "ನಾನೂ ಒಂದಿನ ಪೆಟ್ಟಿಗೆ ಕಟ್ಟಿ, ಈ ಬಾಗಿಲಲ್ಲೇ ನಿಂತಿದ್ದೆ. ನಿಮ್ಮಪ್ಪ ಎಂಜಿನ್ನಿಂದ ನೋಡ್ದ. ಕರೀಲಿಲ್ಲ, ಸೀಟಿ ಹಾಕ್ಲಿಲ್ಲ. ಸುಮ್ನೆ ಕಾದ. ಕೊನೆಗೆ ನಾನೇ ಬೇಡ ಅಂತ ಕೈ ಆಡಿಸ್ದೆ, ಹೊರಟ. ಅವ್ನು ಯಾರಿಗೂ ಹೇಳಿಲ್ಲ ಅಲ್ವಾ?"

"ಇಲ್ಲ ದೊಡ್ಡಮ್ಮಾ. ಆ ನಾಲ್ಕು ನಿಮಿಷ ಯಾಕೆ ನಿಂತ ಅಂತ ಬರೆದೂ ಇಟ್ಟಿಲ್ಲ." ನನಗೆ ಅಳು ಬಂತು. ಅಪ್ಪನ ಮೇಲೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಆದರೂ ಬಂದ ಕೆಲಸ ಬಿಡುವಂತಿರಲಿಲ್ಲ. ಮೂವತ್ತು ವ್ಯಾಗನ್ನಿನ ಕಥೆ ಹೇಳಿ, ಷರತ್ತು ರದ್ದು ಮಾಡಿಕೊಡುತ್ತೀರಾ ಎಂದು ನಾಚಿಕೆ ಬಿಟ್ಟು ಕೇಳಿದೆ.

"ಈ ವಯಸ್ಸಲ್ಲಿ ನಾನೆಲ್ಲಿಗೆ ಹೋಗ್ಲಿ? ಸೊಸೆ ಈಗ ಅವಳು. ಅವಳನ್ನ ಕೇಳು."

ಮಾರ್ಸೆಲಾ ತಟ್ಟೆ ಹಿಡಿದು ನಿಂತೇ ಇದ್ದಳು. ಅವಳ ಕಣ್ಣು ಕಿಟಕಿಯಾಚೆಯ ಹಳಿಯ ಮೇಲಿತ್ತು.

"ಏರು ಎಲ್ಲಿ ಮುಗಿಯತ್ತೆ?" ಅಂದಳು.

"ಗಾಳಿಯಂತ್ರ ದಾಟಿದ ಮೇಲೆ. ಇಲ್ಲಿಂದ ಅರ್ಧ ಮೈಲಿ."

"ಹಾಗಾದ್ರೆ ಅಲ್ಲಿ ನಿಲ್ಲಿಸಿ. ಅರ್ಧ ಮೈಲಿ ನಾನು ನಡೀತೀನಿ."

"ಪೆಟ್ಟಿಗೆ ಹೊತ್ಕೊಂಡಾ?" ಮುದುಕಿ ಕೆಣಕಿದಳು.

"ಹೊತ್ಕೊಂಡೇ, ಅಜ್ಜಿ."

ಮುದುಕಿ ಬಿದ್ದು ಬಿದ್ದು ನಕ್ಕಳು. ಮೊದಲ ಕೊಲಾಚೆಯನ್ನು ನನಗಲ್ಲ, ಮಾರ್ಸೆಲಾಗೆ ಕೊಟ್ಟಳು.

ಸೋಮವಾರ ಮೂವತ್ತು ವ್ಯಾಗನ್ ಏರು ಹತ್ತಿ, ಗಾಳಿಯಂತ್ರ ದಾಟಿ ನಿಂತವು. ರೇಡಿಯೋದಲ್ಲಿ ಡೆಲ್ಮಾರ್ ಗೊಣಗಿದ: "ಇಲ್ಲಿ ಎಷ್ಟೊತ್ತು ನಿಲ್ಲಬೇಕು ಮಹಾತಾಯಿ?"

"ಒಂದು ನಿಮಿಷ," ಅಂದೆ. "ದಾರೀಲಿ ಯಾರಾದ್ರೂ ನಡ್ಕೊಂಡು ಬರ್ತಿರೋದು ಕಂಡ್ರೆ, ನಾಲ್ಕು."