ಪರದೆ ಅತ್ತಿಗೆಯ ಆಡಿಷನ್

ಆಡಿಷನ್‌ಗೆ ಹೋಗುವವರು ತಮ್ಮ ಮಾತು ಬಾಯಿಪಾಠ ಮಾಡುತ್ತಾರೆ. ನಮ್ಮ ಪರದೆ ಅತ್ತಿಗೆ ಮಾಡಿದ್ದು ಎದುರು ಪಾತ್ರದ ಮಾತು! ಬೇಕೆಂದು ಮಾಡಿದ್ದಲ್ಲ, ಪಾಪ. ಮೊಬೈಲಿಗೆ ಬಂದ ಎರಡು ಪುಟದ ದೃಶ್ಯವನ್ನು ಓದುತ್ತ ಕೂತರೆ ಗಂಡನ ಮಾತು ಮೊದಲ ಸಲಕ್ಕೇ ನಾಲಗೆಗೆ ಹತ್ತಿತು. ತಾನು ಆಡಬೇಕಾದ ಹೆಂಡತಿಯ ಮಾತು ಮಾತ್ರ ವಾರವಿಡೀ ಸತಾಯಿಸಿತು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಮದುವೆಯ ಜೊತೆ ಕಟ್ಟಿಕೊಂಡದ್ದು. ಗಂಡನ ನಾಟಕ ತಂಡದಲ್ಲಿ ಅವಳು ಪ್ರಾಂಪ್ಟರ್. ಪಕ್ಕದ ಪರದೆಯ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಅದನ್ನು ದಾಟಿಸುವ ಕೆಲಸ. ಪರದೆ ಅತ್ತಿಗೆ ಅನ್ನುವ ಹೆಸರು ಅಂಟಿದ್ದೂ ಅದಕ್ಕೇ. ಎಲ್ಲರಿಗಿಂತ ಹೆಚ್ಚು ಮರೆಯುತ್ತಿದ್ದವನು ಗಂಡನೇ. ಬಂದದ್ದೆಲ್ಲ ರಾಜನ ಪಾತ್ರವಾದ್ದರಿಂದ ತಂಡದವರಿಗೆ ಅವನು ದೊರೆ. ಕಂಚಿನ ಕಂಠ, ನೆನಪು ಮಾತ್ರ ಜರಡಿ. ಮರೆತಾಗ ಅವನ ಹೆಬ್ಬೆರಳು ಪಕ್ಕದ ಬೆರಳನ್ನು ಉಜ್ಜಲು ಶುರುಮಾಡುತ್ತಿತ್ತು. ಮೊದಮೊದಲು ಅವಳು ಆ ಬೆರಳನ್ನೇ ನೋಡುತ್ತಿದ್ದಳು. ಆಮೇಲಾಮೇಲೆ ನೋಡುವುದನ್ನೂ ಬಿಟ್ಟಳು. ಅವನು ಬಾಯಿ ತೆರೆದು ತಡೆದನೆಂದರೆ ಸಾಕು, ಮಾತು ಹೊರಟಿರುತ್ತಿತ್ತು. "ಬಾಯಿ ನಂದು, ಮಾತು ಅವಳ್ದು," ಎಂದು ದೊರೆ ಕಂಡಕಂಡವರ ಮುಂದೆ ಹೇಳಿಕೊಂಡು ನಗುತ್ತಿದ್ದ.

ಅವನು ಹೋಗಿ ಅರ್ಧ ವರ್ಷವಾಗಿತ್ತು. ಅತ್ತಿಗೆ ಅತ್ತಿರಲಿಲ್ಲ. ಆಸ್ಪತ್ರೆಯಲ್ಲೂ ಇಲ್ಲ, ಆಮೇಲೂ ಇಲ್ಲ. ನೆಂಟರು ಕಲ್ಲೆದೆ ಅಂದರು. ಅನ್ನಲಿ, ಊರ ಬಾಯಿಗೆ ಹಾಕುವಷ್ಟು ದೊಡ್ಡ ಮುಚ್ಚಳ ಯಾರ ಮನೆಯಲ್ಲಿದೆ? ಆದರೆ ಅವಳಿಗೇ ಒಳಗೊಳಗೆ ಭಯವಾಗಿತ್ತು. ಊಟಕ್ಕೆ ಉಪ್ಪು ಹಾಕಿದೆಯೋ ಇಲ್ಲವೋ ತಿಂದರೂ ತಿಳಿಯುತ್ತಿರಲಿಲ್ಲ. ಆಡಿಷನ್ ದಿನ ಬೆಳಗ್ಗೆ ಕೂಡ ಕುದಿಯುವ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದಳು. ಅಂಗೈ ಕೆಂಪಾದದ್ದು ಕಂಡಿತು, ಅಷ್ಟೇ.

"ಅಯ್ಯೋ ಅತ್ತಿಗೆ, ಬಟ್ಟೆ ಹಿಡ್ಕೊಂಡು ಇಳಿಸಬಾರ್ದಾ!" ಎಂದು ಕಿರುಚಿದ್ದು ನಾದಿನಿ. ದೊರೆಯ ತಂಗಿ ಇವಳು, ಹಲ್ಲಿನ ಡಾಕ್ಟರ ಹತ್ತಿರ ಕೆಲಸ. ದಿನವಿಡೀ ಬಾಯಿ ತೆರೆದು ಕೂತವರ ಜೊತೆ ಮಾತಾಡಿ ಮಾತಾಡಿ, ಪ್ರಶ್ನೆಯ ಜೊತೆ ಉತ್ತರವನ್ನೂ ತಾನೇ ಹೇಳಿಬಿಡುವ ಅಭ್ಯಾಸ. "ಉರೀತಿದ್ಯಾ? ಉರೀತಿದೆ. ತಣ್ಣೀರಲ್ಲಿ ಇಡಿ."

ಅಣ್ಣನ ಕೊನೆಗಳಿಗೆಗೆ ಅವಳು ತಲುಪಿರಲಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಬಂದವಳೇ ಕೇಳಿದ್ದು, ಕೊನೆಗೆ ಏನಂದ ಅಂತ. "ನೀರು ಕೇಳಿದ್ರು, ಕುಡಿಸಿದೆ," ಅಂದಿದ್ದಳು ಅತ್ತಿಗೆ. ಅಷ್ಟು ಸಾಕಾಯಿತು ನಾದಿನಿಗೆ. ನಮ್ಮಣ್ಣ ಬಾಯಾರಿ ಹೋಗಲಿಲ್ಲ ಎಂದು ಬಂದವರಿಗೆಲ್ಲ ಹೇಳಿಕೊಂಡು ಅತ್ತು ಹಗುರಾದಳು.

ಆಡಿಷನ್ ಹುಡುಕಿದವಳೂ ಅವಳೇ. ಹೊಸ ನಾಟಕ, ಯಾರು ಬೇಕಾದರೂ ಬರಬಹುದು, ಅನುಭವ ಬೇಡ. ಅತ್ತಿಗೆ ಒಪ್ಪಿದ್ದಕ್ಕೆ ಕಾರಣ ಬೇರೆ. ಆ ದೃಶ್ಯದ ಕೊನೆಯಲ್ಲಿ ಹೆಂಡತಿ ಅಳಬೇಕಿತ್ತು. ಪಾತ್ರ ಸಿಗಲಿ ಬಿಡಲಿ, ಯಾರದೋ ಮಾತು ಆಡಿಯಾದರೂ ಒಮ್ಮೆ ಅಳು ಬಂದರೆ ಸಾಕು ಎಂಬುದೊಂದೇ ಅವಳ ಆಸೆ.

ದಾರಿಯುದ್ದಕ್ಕೂ ನಾದಿನಿಯ ಪಾಠ ನಡೆಯಿತು. "ಗಂಟಲು ಸರಿ ಇಲ್ಲ, ನಿದ್ದೆ ಇಲ್ಲ ಅಂತೆಲ್ಲ ರಾಗ ಎಳೀಬೇಡಿ. ಮುಗಿದ್ಮೇಲೆ ನಾನು ಸೆಲೆಕ್ಟಾ ಅಂತ ಕೇಳ್ಲೇಬೇಡಿ. ಥ್ಯಾಂಕ್ಸ್ ಹೇಳಿ ಬಂದ್ಬಿಡಿ." ಅತ್ತಿಗೆ ಹೂಂ ಅಂದಳು. ಪರದೆಯ ಹಿಂದೆ ಕೂತು ಎಂತೆಂಥ ಜಂಭಗಾರರನ್ನು ಕಂಡವಳಿಗೆ ಇದನ್ನೆಲ್ಲ ಹೇಳಿಕೊಡಬೇಕೆ? ಆದರೂ ಹೂಂ ಅಂದಳು, ಜಗಳಕ್ಕೂ ಶಕ್ತಿ ಬೇಕಲ್ಲ.

ಕಾರಿಡಾರಿನಲ್ಲಿ ಗೋಡೆಯುದ್ದಕ್ಕೂ ಕುರ್ಚಿಗಳು, ಕುರ್ಚಿಗೊಬ್ಬರಂತೆ ಗೊಣಗುವವರು. ಒಬ್ಬಾಕೆ ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತು, ಕಣ್ಣೊರೆಸಿಕೊಂಡು, ಮತ್ತೆ ಮೊದಲಿಂದ ಅಳುತ್ತಿದ್ದಳು. ನಲ್ಲಿ ತಿರುಗಿಸಿದಷ್ಟು ಸಲೀಸು! ಅತ್ತಿಗೆ ಅವಳನ್ನು ಹೊಟ್ಟೆಕಿಚ್ಚಿನಿಂದ ನೋಡಿದಳು. ಅರ್ಧ ವರ್ಷದಲ್ಲಿ ಅವಳಿಗೆ ಹುಟ್ಟಿದ ಆಸೆ, ಹೊಟ್ಟೆಕಿಚ್ಚು ಎರಡೂ ಅಳುವಿನ ಮೇಲೆಯೇ.

ಕರೆದಾಗ ಒಳಗೆ ಹೋದಳು. ಮೇಜಿನ ಹಿಂದೆ ಕನ್ನಡಕವನ್ನು ತಲೆಗೇರಿಸಿಕೊಂಡ ನಿರ್ದೇಶಕಿ, ಪಕ್ಕದಲ್ಲಿ ಅವಳ ಸಹಾಯಕಿ. ಗಂಡನ ಮಾತು ಹೇಳಲು ಒಬ್ಬ ಬೋಳುತಲೆಯ ನಟ ನಿಂತಿದ್ದ. ನೆಲದ ಮೇಲೆ ಅಂಟಿಸಿದ ಟೇಪಿನ ಗುರುತಿನ ಬಳಿ ಅತ್ತಿಗೆ ನಿಂತಳು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಬೆಳಕಿನ ಈಚೆ ಕಡೆ ನಿಂತದ್ದು ಇದೇ ಮೊದಲು.

ದೃಶ್ಯ ಸಣ್ಣದು. ಗಂಡ ಕೆಲಸ ಕಳೆದುಕೊಂಡದ್ದನ್ನು ಮುಚ್ಚಿಟ್ಟು ದಿನಾ ಊಟದ ಡಬ್ಬಿ ಹಿಡಿದು ಹೊರಡುತ್ತಿರುತ್ತಾನೆ. ಇವತ್ತು ಹೇಳಿಬಿಡಲು ಬಂದಿದ್ದಾನೆ.

"ನಿಂಗೊಂದು ಮಾತು ಹೇಳ್ಬೇಕಿತ್ತು," ಅಂದ ಬೋಳುತಲೆ. ಬಾಯಿ ತೆರೆದ. ತಡೆದ.

"ಕೆಲಸ ಹೋಗಿ ಮೂರು ತಿಂಗಳಾಯ್ತು," ಎಂದಳು ಅತ್ತಿಗೆ, ತುಟಿ ಅಲ್ಲಾಡದಂತೆ, ಅವನಿಗಷ್ಟೇ ಕೇಳುವ ಹಾಗೆ.

ಆ ಸಣ್ಣ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಸಹಾಯಕಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಟನೂ ನಕ್ಕ. "ಏನಮ್ಮಾ, ನನ್ ಪಾತ್ರಾನೂ ನೀವೇ ಮಾಡ್ಬಿಡ್ತೀರಾ?"

ನಿರ್ದೇಶಕಿ ನಗಲಿಲ್ಲ. "ಅಮ್ಮಾ, ಅವರು ಮರ್ತಿಲ್ಲ. ಹೇಗೆ ಹೇಳೋದು ಅಂತ ಹುಡುಕ್ತಿದ್ದಾರೆ. ನೀವು ಕಾಯ್ಬೇಕು, ಅಷ್ಟೇ. ಇನ್ನೊಂದ್ಸಲ ಮಾಡೋಣ."

ಮರ್ತಿಲ್ಲ. ಅತ್ತಿಗೆ ತಲೆಯಾಡಿಸಿ ಮತ್ತೆ ಗುರುತಿನ ಬಳಿ ನಿಂತಳು.

"ನಿಂಗೊಂದು ಮಾತು ಹೇಳ್ಬೇಕಿತ್ತು." ಅವನು ಬಾಯಿ ತೆರೆದ, ತಡೆದ. ಈ ಸಲ ಅವಳು ಹಲ್ಲು ಕಚ್ಚಿ ಕಾದಳು. ಎಷ್ಟೋ ವರ್ಷಗಳ ಮೇಲೆ ಅವಳ ಕಣ್ಣು ತಾನಾಗಿ ಕೈಯ ಕಡೆ ಹೋಯಿತು. ನಟನ ಹೆಬ್ಬೆರಳು ಸುಮ್ಮನಿತ್ತು.

ಕೊನೆಯ ದಿನ ದೊರೆಯದೂ ಸುಮ್ಮನಿತ್ತು. ಆಸ್ಪತ್ರೆಯ ಬಿಳಿ ಹೊದಿಕೆಯ ಮೇಲೆ ಅವನ ಕೈ ಇತ್ತು, ಬೆರಳುಗಳು ಅಲ್ಲಾಡುತ್ತಿರಲಿಲ್ಲ. ಅವಳ ಮುಖ ನೋಡಿ ಅವನು ಬಾಯಿ ತೆರೆದ, ತಡೆದ. "ನೀರಾ?" ಅಂದಿದ್ದಳು ಅವಳು. ಅವನು ಅವಳನ್ನೇ ಒಂದು ಗಳಿಗೆ ನೋಡಿ, ನಕ್ಕಂತೆ ಮಾಡಿ, ಹೌದೆಂದು ತಲೆಯಾಡಿಸಿದ್ದ. ಜೀವಮಾನವಿಡೀ ಅವಳು ಕೊಟ್ಟ ಮಾತನ್ನೇ ತನ್ನದು ಅಂದವನು ಅದನ್ನೂ ತೆಗೆದುಕೊಂಡ. ಎರಡು ಗುಟುಕು ಕುಡಿದ. ಆಮೇಲೆ ಮಾತಿಲ್ಲ.

"ಕೆಲಸ ಹೋಗಿ ಮೂರು ತಿಂಗಳಾಯ್ತು," ಅಂದ ನಟ, ತನ್ನ ಹೊತ್ತಿಗೆ.

ಈಗ ಅವಳ ಸರದಿ. 'ನಂಗೆ ಗೊತ್ತಿತ್ತು, ಡಬ್ಬಿ ತುಂಬಿದ ಹಾಗೇ ವಾಪಸ್ ಬರ್ತಿತ್ತು' ಅನ್ನಬೇಕು. ಮಾತು ನೆನಪಿತ್ತು, ಬಾಯಿಗೆ ಬರಲಿಲ್ಲ. ಸಹಾಯಕಿ ತಡೆಯಲಾರದೆ "ನಂಗೆ ಗೊತ್ತಿತ್ತು" ಎಂದು ಪಿಸುಗುಟ್ಟಿದಳು. ಅತ್ತಿಗೆ ಇಲ್ಲವೆಂದು ತಲೆಯಾಡಿಸಿದಳು. ಗೊತ್ತಿರಲಿಲ್ಲ. ಏನೂ ಗೊತ್ತಿರಲಿಲ್ಲ.

"ಸಾಕಮ್ಮಾ," ಎಂದಳು ನಿರ್ದೇಶಕಿ ಕೊನೆಗೆ, ಮೆಲ್ಲಗೆ. "ನಾವೇ ಫೋನ್ ಮಾಡ್ತೀವಿ."

ಅತ್ತಿಗೆ ಏನೂ ಕೇಳಲಿಲ್ಲ. ಮೂವರಿಗೂ ಬೇರೆಬೇರೆಯಾಗಿ ಥ್ಯಾಂಕ್ಸ್ ಹೇಳಿದಳು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಕಣ್ಣಲ್ಲಿ ಒಂದು ಹನಿಯಿಲ್ಲ. ಆದರೆ ಬೆಳಗ್ಗೆ ಸುಟ್ಟ ಅಂಗೈ ಉರಿಯತೊಡಗಿತ್ತು, ಹೊಸದಾಗಿ ಈಗ ಸುಟ್ಟ ಹಾಗೆ.

ನಾದಿನಿ ಕುರ್ಚಿಯಿಂದ ಎದ್ದು ಓಡಿಬಂದಳು. "ಹೇಗಾಯ್ತು ಅತ್ತಿಗೆ?"

ಅತ್ತಿಗೆ ಬಾಯಿ ತೆರೆದಳು. ತಡೆದಳು.

"ಚೆನ್ನಾಗಾಯ್ತಾ? ಚೆನ್ನಾಗೇ ಆಗಿರತ್ತೆ. ಇಲ್ಲ, ಮಾತು ಮರ್ತೋಯ್ತಾ?"

"ತಡಿಯೇ," ಎಂದು ಅತ್ತಿಗೆ ಉರಿಯುವ ಕೈಯಲ್ಲೇ ಅವಳ ಕೈ ಹಿಡಿದುಕೊಂಡಳು. "ನೀನು ಹೇಳ್ಬೇಡ. ನಾನೇ ಹೇಳ್ತೀನಿ."

ನಾದಿನಿ ನಾಲಗೆಯ ತುದಿಗೆ ಬಂದಿದ್ದ ಮುಂದಿನ ಪ್ರಶ್ನೆಯನ್ನೂ ಅದರ ಉತ್ತರವನ್ನೂ ನುಂಗಿಕೊಂಡಳು.

"ಅವತ್ತು ನಿಮ್ಮಣ್ಣ ಕೇಳಿದ್ದು ನೀರಲ್ಲ ಕಣೆ," ಎಂದಳು ಅತ್ತಿಗೆ.