ಐದನೆಯ ಕ್ಯಾಸೆಟ್ಟು

"ಖಲಾಸ್ ಸಾರ್, ನನಗೀಗ ಪ್ರಾಬ್ಲೆಮ್ಮೇ ಇಲ್ಲ" ಎಂದು ರಹ್ಮತ್ ಬಾಗಿಲಲ್ಲೇ ಹೇಳಿ ಹೊರಟುಹೋದಾಗ ಭೋಜರಾಜನಿಗೆ ಮೈಯೆಲ್ಲ ಉರಿಯಿತು.

ವಿದ್ಯಾರ್ಥಿಯ ಸಮಸ್ಯೆ ಬಗೆಹರಿದರೆ ಆಪ್ತಸಮಾಲೋಚಕ ಸಂತೋಷಪಡಬೇಕು, ಪುಸ್ತಕದಲ್ಲಿ ಹಾಗೇ ಇದೆ. ಆದರೆ ಭೋಜರಾಜ ಇನ್ನೂ ಆಪ್ತಸಮಾಲೋಚಕನಾಗಿರಲಿಲ್ಲ. ಮಸ್ಕತ್ತಿನ ಕಾಲೇಜೊಂದರಲ್ಲಿ ಹಾಜರಿ ಪಟ್ಟಿ, ಹಾಸ್ಟೆಲ್ ಕೋಣೆ, ಬಸ್ ಪಾಸು ನೋಡಿಕೊಳ್ಳುವ ಗುಮಾಸ್ತ. ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಿಂದ ಅಂಚೆಯಲ್ಲಿ ಎಂ.ಎ. ಓದುತ್ತಿದ್ದ. ವಿಷಯ: ವಿದ್ಯಾರ್ಥಿ ಆಡಳಿತ ಮತ್ತು ಆಪ್ತಸಮಾಲೋಚನೆ. ಪಾಸಾದರೆ ಕೌನ್ಸೆಲರ್ ಹುದ್ದೆ, ಬಾಗಿಲ ಮೇಲೆ ಹೆಸರು.

ಒಂದೊಂದೂ ಅರ್ಧ ಗಂಟೆಯ ಐದು ಮಾತುಕತೆಗಳನ್ನು ಕ್ಯಾಸೆಟ್ಟಿಗೆ ಹಿಡಿದು ಕಳಿಸಬೇಕು. ಬಂದವರು ಸಂಬಂಧಿಕರಾಗಿರಬಾರದು. ಅವರ ಹೆಸರು ಟೇಪಿನಲ್ಲಿ ಎಲ್ಲೂ ಕೇಳಬಾರದು. ಕೇಳಿದರೆ ಕ್ಯಾಸೆಟ್ಟೇ ವಾಪಸ್. ನಾಲ್ಕು ಸಲ ರಹ್ಮತ್ ಬಂದಿದ್ದ, ಹಾಜರಿ ಪಟ್ಟಿಯ ತನ್ನ ಖಾಲಿ ಚೌಕಗಳು ತುಂಬಲೆಂದು. ಅವನ್ನು ಭೋಜರಾಜನೇ ನಿನ್ನೆ ತುಂಬಿಕೊಟ್ಟಿದ್ದ. ಐದನೆಯದು ಇವತ್ತು ಸಂಜೆಯ ಕೊರಿಯರ್‌ಗೆ ಸಿಗದಿದ್ದರೆ ಒಂದು ವರ್ಷ ದಂಡ.

ಅಲ್ ಅಜೈಬಾ ಬಡಾವಣೆಯ ಮನೆಗೆ ಊಟಕ್ಕೆ ಬಂದವನು ಟೇಪ್‌ರೆಕಾರ್ಡರನ್ನು ಮೇಜಿನ ಮೇಲಿಟ್ಟ. ಸದ್ದು ಬೀಳಬಾರದೆಂದು ಮೇ ತಿಂಗಳ ಮಧ್ಯಾಹ್ನ ಎ.ಸಿ. ನಿಲ್ಲಿಸಿದ. ಹೆಂಡತಿ ಸಂಬಂಧಿಕಳು ಹೌದು. ಆದರೆ ದನಿಯಲ್ಲಿ ಅದೇನು ಗೊತ್ತಾಗುತ್ತದೆಯೇ?

"ನೀನು ಸ್ಟೂಡೆಂಟ್. ಒಂದು ಕಷ್ಟ ಹೇಳು. ಸುಮ್ಮನೆ, ಹುಟ್ಟಿಸಿ ಹೇಳಿದರೆ ಸಾಕು."

"ನಂಗೆಂತ ಕಷ್ಟ ಮಾರಾಯ್ರೆ? ಮೀನು ತಣಿತದೆ, ಊಟ ಮಾಡಿ" ಎಂದು ವಾರಿಜಾಕ್ಷಿ ನಕ್ಕಳು.

ಮನೆಮಾತು ತುಳು. ಆದರೆ ಹೇಳಿದ್ದನ್ನೆಲ್ಲ ಬರೆದು, ಇಂಗ್ಲಿಷಿಗೆ ತಿರುಗಿಸಿ ಜೊತೆಗಿಡಬೇಕಾದ್ದರಿಂದ ಟೇಪಿಗೆ ಕನ್ನಡ ಎಂದಾಯಿತು. ಗುಂಡಿ ಒತ್ತಿ ಗಂಟಲು ಸರಿಮಾಡಿಕೊಂಡ.

"ಬನ್ನಿ, ಕೂತ್ಕೊಳ್ಳಿ. ಏನು ಹೇಳ್ಬೇಕು ಅನ್ನಿಸ್ತದೋ ಹೇಳಿ. ನನಗೆ ಸಮಯ ಉಂಟು."

ಅವಳ ನಗು ಅರ್ಧಕ್ಕೆ ನಿಂತಿತು.

"ಒಂಬತ್ತು ವರ್ಷದಲ್ಲಿ ಯಾರೂ ನನ್ನತ್ರ ಹೀಗೆ ಕೇಳಿದ್ದಿಲ್ಲ ಸಾರ್."

"ಯಾರೂ ಕೇಳಿಲ್ಲ" ಎಂದ. ಬಂದವರ ಮಾತನ್ನು ಅವರಿಗೇ ಹಿಂದಿರುಗಿಸಬೇಕು, ಮೂರನೆಯ ಅಧ್ಯಾಯ.

"ಕಾರ್ಕಳದಲ್ಲಿ ಟೀಚರ್ ಆಗಿದ್ದೆ. ಮಕ್ಕಳು ವಾರಿಜಾ ಟೀಚರ್ ಅಂತಿದ್ರು. ಇಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಇವರೂ 'ಹೋಯ್' ಅಂತಾರೆ ಅಷ್ಟೇ. ಕೆಲವು ಸಲ ಅಡುಗೆ ಮನೆಯಲ್ಲಿ ನಾನೇ ಹಾಜರಿ ಕರೀತೇನೆ. ಹಳೇ ಮಕ್ಕಳದ್ದು."

ಛೆ, ಹೆಸರು ಹೇಳಿಬಿಟ್ಟಳಲ್ಲ! ಅದೊಂದನ್ನು ಅಳಿಸಬಹುದು.

"ಹೆಡ್‌ಮಾಸ್ಟ್ರು ಕಾಗದ ಬರೆದಿದ್ದಾರೆ. ಜೂನ್ ಒಂದಕ್ಕೆ ಬಂದರೆ ಕೆಲಸ ಉಂಟಂತೆ. ಬರ್ತೇನೆ ಅಂತ ಬರೆದುಹಾಕಿದ್ದೇನೆ. ಇವರಿಗೆ ಹೇಳಿಲ್ಲ. ಹೇಳಿದ್ರೆ 'ಪರೀಕ್ಷೆ ಮುಗೀಲಿ, ನೋಡುವ' ಅಂತಾರೆ." ಅವಳ ಕಣ್ಣು ತುಂಬಿ ನೀರು ಕೆನ್ನೆಗಿಳಿಯಿತು. "ನನಗೆ ಇಲ್ಲಿ ಆಗುದಿಲ್ಲ ಸಾರ್. ಸಾಕಾಯ್ತು."

ಪರವಾಗಿಲ್ಲ, ಚೆನ್ನಾಗಿ ಹುಟ್ಟಿಸುತ್ತಾಳೆ ಎಂದುಕೊಂಡ. ಹಾಗೆ ಅಂದುಕೊಳ್ಳುವುದೇ ಅನುಕೂಲವಾಗಿತ್ತು. ಎಷ್ಟು ಓಡಿದೆ ನೋಡೋಣವೆಂದು ಬಗ್ಗಿದ. ಕ್ಯಾಸೆಟ್ಟು ತಿರುಗುತ್ತಿತ್ತು, ಅದರ ಪಕ್ಕದ ಕೆಂಪು ಗುಂಡಿಯನ್ನು ಒತ್ತಿರಲೇ ಇಲ್ಲ. ಇಷ್ಟು ಹೊತ್ತು ಖಾಲಿ ಟೇಪು ಓಡಿತ್ತು, ಅಷ್ಟೇ.

"ಅಯ್ಯೋ, ರೆಕಾರ್ಡೇ ಆಗಿಲ್ಲ ಮಾರಾಯ್ತಿ! ಮೊದಲಿಂದ ಇನ್ನೊಮ್ಮೆ ಹೇಳು. ಹೆಸರು ಬಿಟ್ಟು. ಆ ಅಳುವುದು ಮಾತ್ರ ಇರಲಿ, ಒಳ್ಳೇದಿತ್ತು."

ವಾರಿಜಾಕ್ಷಿ ಅವನನ್ನೇ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಈಗ ಒತ್ತಿದ್ರಾ?"

"ಒತ್ತಿದೆ. ಹೇಳಿ."

"ಹೇಳುವಂಥದ್ದು ಇನ್ನು ಏನೂ ಇಲ್ಲ ಸಾರ್. ಏನು ಮಾಡ್ಬೇಕು ಅಂತ ನನಗೆ ಗೊತ್ತಾಯ್ತು. ಉಪಕಾರ ಆಯ್ತು." ಕೈ ಚಾಚಿದಳು. "ಕಪಾಟಿನ ಕೀ ಕೊಡಿ. ನನ್ನ ಪಾಸ್‌ಪೋರ್ಟ್ ಬೇಕು."

ಕೆಂಪು ದೀಪ ಉರಿಯುತ್ತಿತ್ತು. ಈಗ ಬಾಯಿ ತೆರೆದರೆ ಗಂಡನ ದನಿ ಬರುತ್ತದೆ. ಇಂಗ್ಲೆಂಡಿನ ಪ್ರೊಫೆಸರಿಗೆ ಕನ್ನಡ ಬಾರದಿದ್ದರೂ ಅದು ತಿಳಿಯುತ್ತದೆ. ಬಂದವರ ನಿರ್ಧಾರವನ್ನು ಗೌರವಿಸಬೇಕು, ಏಳನೆಯ ಅಧ್ಯಾಯ. ಕೀಗೊಂಚಲು ಕಿಣಿಗುಟ್ಟದಂತೆ ಮುಷ್ಟಿಯಲ್ಲಿ ಬಿಗಿಹಿಡಿದು ಜೇಬಿನಿಂದ ತೆಗೆದು, ಅವಳ ಅಂಗೈಯಲ್ಲಿ ಮೆಲ್ಲಗೆ ಇಟ್ಟ. ಅವಳು ಒಳಗೆ ಹೋದಳು.

ಇನ್ನೂ ಇಪ್ಪತ್ತೆಂಟು ನಿಮಿಷ ತುಂಬಬೇಕಿತ್ತು. ಒಳಗೆ ಕಪಾಟು ತೆರೆಯಿತು. ಸ್ವಲ್ಪ ಹೊತ್ತಿನ ಮೇಲೆ ಮಂಚದಡಿಯಿಂದ ಸೂಟ್‌ಕೇಸ್ ಎಳೆದ ಸದ್ದು. ಭೋಜರಾಜನಿಗೆ ಭಯವಾಯಿತು, ನಿಜವಾಗಿ ಭಯ. ವಾರಿಜಾ ಎಂದು ಕೂಗಬೇಕೆನಿಸಿತು; ಹೆಸರು ಬಾಯಿಯವರೆಗೆ ಬಂತು.

ಹೆಸರು ಟೇಪಿನಲ್ಲಿ ಕೇಳಬಾರದು.

ಅವನು ಎದುರಿನ ಖಾಲಿ ಕುರ್ಚಿಯತ್ತ, ಪುಸ್ತಕದಲ್ಲಿರುವಂತೆ, ಸ್ವಲ್ಪ ಮುಂದಕ್ಕೆ ಬಾಗಿದ.

"ಹೂಂ" ಎಂದ. "ಹೇಳಿ. ಕೇಳ್ತಾ ಇದ್ದೇನೆ."