ಎರಡು ಮನೆಗೆ ಒಂದು ಬಲ್ಬು

ಶಿವಕುಮಾರಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕಾಳು ಸರಿದಾಡುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಈಗಿನ ಅಂಗಡಿ ಅಕ್ಕಿಯಲ್ಲಿ ಕಲ್ಲೆಲ್ಲಿಂದ ಬರಬೇಕು? ಆದರೂ ಸಂಜೆಯ ಹೊತ್ತಿಗೆ ಅವಳ ಕೈ ತಾನಾಗಿ ಮೊರ ಹುಡುಕುತ್ತಿತ್ತು.

ಚಾಮರಾಜಪೇಟೆಯ ಮರಿಯಣ್ಣನ ಹಳೇ ವಠಾರದಲ್ಲಿ ಅವಳ ಪಕ್ಕದ ಮನೆ ಮಹಾನಂದಕ್ಕನದಾಗಿತ್ತು. ಇಬ್ಬರೂ ಒಂಟಿ. ಇವಳು ಸೀರೆಗೆ ಫಾಲ್ ಹೊಲಿಯುವವಳು. ಅವರು ಶಾಲೆಯೊಂದರಲ್ಲಿ ಆಯಾ ಆಗಿದ್ದವರು. ಎರಡು ಅಡುಗೆಮನೆಗಳ ನಡುವಿನ ಗೋಡೆಯಲ್ಲಿ ಒಂದು ಚೌಕದ ತೂತು, ಅದರಲ್ಲಿ ಒಂದೇ ಬಲ್ಬು. ಅರ್ಧ ಬೆಳಕು ಇತ್ತ, ಅರ್ಧ ಅತ್ತ. ಸ್ವಿಚ್ಚು ಮಾತ್ರ ಮಹಾನಂದಕ್ಕನ ಕಡೆ.

ದಿನಾ ಸಂಜೆ ಇವಳು ಕೂಗಬೇಕು: "ಮಹಾನಂದಕ್ಕಾ, ಲೈಟ್ ಹಾಕ್ರೀ!"

"ತಡಿಯೇ ಶಿವಿ, ಸೂರ್ಯ ಏನು ನಿಮ್ಮಪ್ಪನ ಮನೆ ಆಳಾ, ನೀನು ಹೇಳ್ದಾಗ ಮುಳುಗೋಕೆ?"

ಬೈದುಕೊಂಡೇ ಹಾಕುತ್ತಿದ್ದರು. ಆಮೇಲೆ ಗೋಡೆಯ ಆಚೆ ಒಂದು ಮೊರ, ಈಚೆ ಒಂದು ಮೊರ. ಕಲ್ಲಿಗಿಂತ ಹೆಚ್ಚಾಗಿ ವಠಾರದವರನ್ನೇ ಆರಿಸಿ ಎಸೆಯುತ್ತಿದ್ದರು. ಒಂಬತ್ತಾದರೆ ಮಾತಿನ ನಡುವೆಯೇ ಟಕ್ಕೆಂದು ಕತ್ತಲೆ. ಹೊಲಿಗೆ ಬಾಕಿ ಇದೆ ಎಂದು ಇವಳು ಅಂಗಲಾಚಿದರೆ, "ಮಲ್ಕೊಳೇ, ಸೀರೆ ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದರು. ತನ್ನ ಮನೆಯ ಬೆಳಕಿಗೆ ಇನ್ನೊಬ್ಬರನ್ನು ಬೇಡಬೇಕಲ್ಲ ಎಂದು ಶಿವಕುಮಾರಿ ಒಳಗೊಳಗೇ ಕುದಿಯುತ್ತಿದ್ದಳು.

ವಠಾರ ಒಡೆದು ಒಬ್ಬೊಬ್ಬರೇ ಇರುವವರಿಗೆಂದು ಪುಟ್ಟ ಮನೆಗಳನ್ನು ಕಟ್ಟುವುದು ಎಂದಾಯಿತು. ನಕ್ಷೆ ಬರೆಯುವವಳು ಮರಿಯಣ್ಣನ ಮಗಳು ರಕ್ಷಿತಾ. ಯಾರಿಗೆ ಏನು ಬೇಕೆಂದು ಮನೆಮನೆಗೂ ಬಂದು ಕೇಳಿದಳು. ಆ ತೂತನ್ನು ನೋಡಿ ಅವಳ ಕಣ್ಣು ಅರಳಿತು.

"ಆಂಟಿ, ಇದನ್ನ ಕಿಟಕಿ ಮಾಡೋಣ. ಎರಡೂ ಕಡೆ ಚಿಲಕ ಇರುತ್ತೆ. ಬೇಕಾದ್ರೆ ತೆಗೀರಿ, ಬೇಡಾಂದ್ರೆ ಮುಚ್ಕೊಳ್ಳಿ. ಒಬ್ರೇ ಇರ್ತೀರಲ್ಲ."

"ಬೇಡಮ್ಮ ತಾಯಿ," ಎಂದಳು ಶಿವಕುಮಾರಿ. "ಆ ಮುದುಕಿ ಹತ್ರ ಬೆಳಕು ಭಿಕ್ಷೆ ಬೇಡಿದ್ದು ಸಾಕಾಗಿದೆ. ಗೋಡೆ ದಪ್ಪಗೆ ಕಟ್ಟು. ಅವರ ಕೆಮ್ಮೂ ನಂಗೆ ಕೇಳಿಸ್ಬಾರ್ದು."

ಹೇಳುವಾಗ ಅವಳು ಆ ತೂತಿನ ಕೆಳಗೇ ನಿಂತಿದ್ದಳು. ಅಷ್ಟು ವರ್ಷ ಅದರಲ್ಲೇ ಮಾತಾಡಿದವಳಿಗೆ, ಅದರಲ್ಲಿ ಮಾತು ಹಾಯುತ್ತದೆ ಎನ್ನುವುದೇ ಆಗ ಮರೆತುಹೋಗಿತ್ತು. ಆಚೆ ಕಡೆ ಮೊರದ ಸದ್ದು ನಿಂತಿತು.

ಅಂದು ಒಂಬತ್ತಾದರೂ ಬಲ್ಬು ಆರಲಿಲ್ಲ. ಮನೆ ಖಾಲಿ ಮಾಡುವವರೆಗೂ ಮಹಾನಂದಕ್ಕ ಕತ್ತಲಾಗುವ ಮೊದಲೇ ದೀಪ ಹಾಕಿಡುತ್ತಿದ್ದರು, ಆರಿಸುತ್ತಿರಲಿಲ್ಲ. ಕೂಗುವ ಕಾರಣವೇ ಇವಳಿಗೆ ಉಳಿಯಲಿಲ್ಲ.

ಹೊಸ ಮನೆಗಳು ಎದ್ದ ಮೇಲೆ ಎಲ್ಲರೂ ಮರಳಿದರು, ಅವರೊಬ್ಬರನ್ನು ಬಿಟ್ಟು. ಕಲಾಸಿಪಾಳ್ಯದ ಗಲ್ಲಿಯೊಂದರಲ್ಲಿ ರೂಮು ಹಿಡಿದಿದ್ದಾರೆಂದು ಮರಿಯಣ್ಣ ಹೇಳಿದ. ಶಿವಕುಮಾರಿ ಹುಡುಕಿಕೊಂಡು ಹೋದಳು. ತರಕಾರಿ ಮಂಡಿಯ ಬಳಿ ಸೌತೆಕಾಯಿ ಆರಿಸುತ್ತ ನಿಂತಿದ್ದರು.

"ಈಗ ಬೆಳಕು ಚೆನ್ನಾಗಿದ್ಯಾ?" ಎಂದರು.

"ಹ್ಞೂ, ಚೆನ್ನಾಗಿದೆ."

ವಾಪಸ್ ಬನ್ನಿ ಎನ್ನಲೆಂದೇ ಹೋದವಳು ಅಷ್ಟು ಹೇಳಿ ಬಂದಳು. 'ಶಿವಿ' ಎಂದೊಮ್ಮೆ ಕರೆದಿದ್ದರೆ ಉಳಿದದ್ದೂ ಬಾಯಿಗೆ ಬರುತ್ತಿತ್ತೇನೋ. ಕರೆಯಲಿಲ್ಲ.

ಪಕ್ಕದ ಮನೆಗೆ ಇನ್ನೂ ಯಾರೂ ಬಂದಿಲ್ಲ. ನಡುವಿನ ಗೋಡೆ ರಕ್ಷಿತಾ ಮಾತು ಕೊಟ್ಟಂತೆ ದಪ್ಪಗಿದೆ, ನುಣ್ಣಗಿದೆ. ಸ್ವಿಚ್ಚು ಶಿವಕುಮಾರಿಯ ಕೈಗೆ ಎಟುಕುವಲ್ಲೇ ಇದೆ.

ಅಕ್ಕಿ ಆರಿಸುತ್ತಿದ್ದಂತೆಯೇ ಬೀದಿಗೆಲ್ಲ ಕರೆಂಟು ಹೋಯಿತು. ಮೊರ ಮಡಿಲಲ್ಲಿಟ್ಟುಕೊಂಡೇ ಅವಳು ಗೋಡೆಯ ಕಡೆ ಮುಖ ಎತ್ತಿದಳು.

"ಮಹಾನಂದಕ್ಕಾ, ಸ್ವಲ್ಪ ಲೈಟ್ ಹಾಕ್ರೀ."